ಕಟ್ಟಡದ ಮಾದರಿಯಲ್ಲಿ ಹಲವು ಘಟಕಗಳ ಉದ್ದವನ್ನು ಒಟ್ಟಿಗೆ ಬದಲಿಸುವುದು: ಯಾವ ಕೆಲಸಕ್ಕೆ ಯಾವ ದಾರಿ

ಕಟ್ಟಡದ ಮಾದರಿ ತಯಾರಿಸುವ ತಂತ್ರಾಂಶದಲ್ಲಿ ಒಂದು ಗೋಡೆಯನ್ನೋ ಒಂದು ತೊಲೆಯನ್ನೋ ಉದ್ದ ಮಾಡುವುದು ಕಷ್ಟದ ಕೆಲಸವಲ್ಲ. ತುದಿಯನ್ನು ಹಿಡಿದು ಎಳೆದರೆ ಮುಗಿಯಿತು. ಅದೇ ಬದಲಾವಣೆಯನ್ನು ಇನ್ನೂರು ತೊಲೆಗಳಿಗೆ ಒಮ್ಮೆಲೇ ಮಾಡಬೇಕಾದಾಗ ಪ್ರಾಪರ್ಟೀಸ್ ಫಲಕ (ಆಯ್ದ ಘಟಕದ ಅಳತೆಗಳನ್ನು ತೋರಿಸುವ ಪಟ್ಟಿ), ಶೆಡ್ಯೂಲ್ (ಘಟಕಗಳ ಕೋಷ್ಟಕ), ಲೆವೆಲ್‌ಗಳು (ಮಹಡಿಗಳ ಮಟ್ಟದ ಗೆರೆಗಳು), ಟ್ರಿಮ್-ಎಕ್ಸ್‌ಟೆಂಡ್ (ಕತ್ತರಿಸುವ, ಚಾಚುವ ಸಾಧನ), ಡೈನಮೊ (ಚಿತ್ರರೂಪದ ನೋಡ್‌ಗಳನ್ನು ಜೋಡಿಸಿ ಕೆಲಸ ಮಾಡಿಸುವ ಸಾಧನ), ಪೈಥಾನ್ (ಒಂದು ಪ್ರೋಗ್ರಾಮಿಂಗ್ ಭಾಷೆ) ಎಂದು ಹಲವು ದಾರಿಗಳು ಎದುರಿಗೆ ನಿಲ್ಲುತ್ತವೆ. ಹೆಚ್ಚಿನವರು ತಮಗೆ ರೂಢಿಯಾದ ದಾರಿಯನ್ನೇ ಹಿಡಿಯುತ್ತಾರೆ: ಡೈನಮೊ ಬಲ್ಲವರು ಎಲ್ಲಕ್ಕೂ ಡೈನಮೊ ತೆರೆಯುತ್ತಾರೆ, ಅದನ್ನು ಕಂಡರಾಗದವರು ಅರ್ಧ ದಿನ ಕುಳಿತು ಒಂದೊಂದೇ ತುದಿಯನ್ನು ಎಳೆಯುತ್ತಾರೆ. ದಾರಿಯ ಆಯ್ಕೆಯನ್ನು ನಮ್ಮ ರೂಢಿಗೆ ಬಿಡದೆ ಎರಡು ಪ್ರಶ್ನೆಗಳಿಗೆ ಬಿಡುವುದು ಲೇಸು ಎಂಬುದು ಈ ಬರಹದ ನಿಲುವು. ಆ ಉದ್ದವು ಮಾದರಿಯಲ್ಲಿ ಎಲ್ಲಿ ದಾಖಲಾಗಿದೆ ಎಂಬುದು ಮೊದಲನೆಯದು. ನಮಗೆ ಬೇಕಾಗಿರುವುದು ಯಾವ ಬಗೆಯ ಬದಲಾವಣೆ ಎಂಬುದು ಎರಡನೆಯದು. ಇವೆರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಸಂದರ್ಭಗಳಲ್ಲಿ ಕೋಡ್ ಬರೆಯುವ ಅಗತ್ಯವೇ ಬೀಳುವುದಿಲ್ಲ.

ಉದಾಹರಣೆಗಳನ್ನು ಹೆಚ್ಚಾಗಿ ಆಟೋಡೆಸ್ಕ್ ಕಂಪನಿಯ ರೆವಿಟ್‌ನಿಂದ ತೆಗೆದುಕೊಂಡಿದ್ದೇನೆ. ಇದೇ ಬಗೆಯ ತಂತ್ರಾಂಶಗಳಾದ ಆರ್ಚಿಕ್ಯಾಡ್, ಟೆಕ್ಲಾ ಮತ್ತು ಐಎಫ್‌ಸಿ ಕಡತಗಳ (ತಂತ್ರಾಂಶಗಳ ನಡುವೆ ಮಾದರಿಯನ್ನು ಸಾಗಿಸುವ ಮುಕ್ತ ರೂಪದ ಕಡತಗಳ) ವಿಷಯವನ್ನು ಕೊನೆಗೆ ಮುಂಚಿನ ಭಾಗದಲ್ಲಿ, ವ್ಯತ್ಯಾಸ ಇರುವಷ್ಟು ಮಟ್ಟಿಗೆ ಮಾತ್ರ ಹೇಳುತ್ತೇನೆ.

ಉದ್ದ ಎಲ್ಲಿ ದಾಖಲಾಗಿದೆ

ಪರದೆಯ ಮೇಲೆ ಒಂದೇ ರೀತಿ ಕಾಣುವ ಉದ್ದಗಳು ಮಾದರಿಯ ಒಳಗೆ ಒಂದೇ ರೀತಿ ಇರುವುದಿಲ್ಲ. ಕೆಲವು ಫ್ಯಾಮಿಲಿಗಳಲ್ಲಿ (ಒಂದೇ ಜಾತಿಯ ಘಟಕಗಳ ಅಚ್ಚುಗಳಲ್ಲಿ) ಉದ್ದವೆಂಬುದು ಪ್ರತಿಯೊಂದು ಪ್ರತಿಗೂ ಪ್ರತ್ಯೇಕವಾಗಿ ಬರೆದಿಟ್ಟ ಒಂದು ಅಂಕಿ. ಅಂದರೆ ಅದು ಇನ್‌ಸ್ಟನ್ಸ್ ಪ್ಯಾರಾಮೀಟರ್. ಇನ್ನು ಕೆಲವದರಲ್ಲಿ ಅದು ಟೈಪ್‌ಗೆ ಸೇರಿದ್ದು, ಒಂದು ಕಡೆ ತಿದ್ದಿದರೆ ಆ ಟೈಪ್‌ನ ಎಲ್ಲ ಪ್ರತಿಗಳೂ ಬದಲಾಗುತ್ತವೆ. ಕಂಬಗಳು ಮತ್ತು ಗೋಡೆಯ ಎತ್ತರಗಳ ಕತೆ ಬೇರೆ: ಅಲ್ಲಿ ಉದ್ದವು ಕೆಳಗಿನ ಲೆವೆಲ್, ಮೇಲಿನ ಲೆವೆಲ್ ಮತ್ತು ಎರಡೂ ಕಡೆಯ ಆಫ್‌ಸೆಟ್‌ಗಳಿಂದ (ಲೆವೆಲ್‌ನಿಂದ ಇರುವ ಅಂತರಗಳಿಂದ) ಹುಟ್ಟುತ್ತದೆ. ಗೋಡೆಯ ಅಡ್ಡ ಉದ್ದ, ತೊಲೆಯ ಉದ್ದ, ಪೈಪು ಮತ್ತು ಡಕ್ಟ್‌ಗಳ ಉದ್ದ ಇವು ಎರಡು ತುದಿಬಿಂದುಗಳ ನಡುವಿನ ಗೆರೆಯಿಂದ ಲೆಕ್ಕ ಹಾಕಿ ತೋರಿಸುವ ಅಂಕಿಗಳು. ಹಾಗಾಗಿಯೇ ಗೋಡೆಯೊಂದನ್ನು ಆಯ್ದು ಪ್ರಾಪರ್ಟೀಸ್ ಫಲಕ ನೋಡಿದರೆ ಲೆಂಗ್ತ್ ಎಂಬ ಸಾಲು ಬೂದು ಬಣ್ಣದಲ್ಲಿರುತ್ತದೆ, ಅದರೊಳಗೆ ಏನನ್ನೂ ಟೈಪ್ ಮಾಡಲಾಗದು. ಇದು ತಂತ್ರಾಂಶದ ಹಟವಲ್ಲ. ಅಂಕಿಯನ್ನು ಬದಲಿಸಿದರೆ ಎಡತುದಿ ಸರಿಯಬೇಕೋ ಬಲತುದಿ ಸರಿಯಬೇಕೋ ಎಂಬುದು ಆ ಅಂಕಿಯಿಂದ ತಿಳಿಯುವುದಿಲ್ಲ, ಅಷ್ಟೇ.

ಆದ್ದರಿಂದ ಯಾವುದೇ ಸಾಧನವನ್ನು ತೆರೆಯುವ ಮೊದಲು ಒಂದು ಘಟಕವನ್ನು ಆಯ್ದು, ಆ ಸಾಲು ತಿದ್ದಬಹುದಾದದ್ದೋ ಬೂದು ಬಣ್ಣದ್ದೋ ಎಂದು ನೋಡಿಕೊಳ್ಳಬೇಕು. ಬೂದು ಬಣ್ಣದ್ದಾಗಿದ್ದರೆ ಅದನ್ನು ನಿರ್ಧರಿಸುತ್ತಿರುವ ಬೇರೆ ಸಾಲು ಯಾವುದು ಎಂದು ಹುಡುಕಬೇಕು. ಓರೆಯಾಗಿ ನಿಂತ ಕಂಬಗಳಲ್ಲಿ ಈ ಎಚ್ಚರ ಹೆಚ್ಚು ಬೇಕು, ಏಕೆಂದರೆ ರೆವಿಟ್‌ನಲ್ಲಿ ಓರೆ ಕಂಬವು ಕೋನವನ್ನು ಆಧರಿಸಿದ್ದೂ ಇರಬಹುದು, ತುದಿಬಿಂದುವನ್ನು ಆಧರಿಸಿದ್ದೂ ಇರಬಹುದು. ಮೇಲಿನ ಲೆವೆಲ್ ಏರಿದಾಗ ಮೊದಲನೆಯದು ತನ್ನ ಓರೆಯನ್ನು ಉಳಿಸಿಕೊಂಡು ಮುಂದಕ್ಕೆ ಚಾಚಿಕೊಳ್ಳುತ್ತದೆ, ಎರಡನೆಯದು ತುದಿಯ ಜಾಗವನ್ನು ಉಳಿಸಿಕೊಂಡು ಓರೆಯನ್ನು ಬದಲಿಸಿಕೊಳ್ಳುತ್ತದೆ.

ಮೂರು ಬಗೆಯ ಬೇಡಿಕೆ

ಎರಡನೆಯ ಪ್ರಶ್ನೆಗೆ ಬರೋಣ. "ಇವುಗಳನ್ನೆಲ್ಲ ಉದ್ದ ಮಾಡಿ" ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ಬೇಡಿಕೆಗಳು ಅಡಗಿರುತ್ತವೆ. ಎಲ್ಲವನ್ನೂ 4500 ಮಿಲಿಮೀಟರಿಗೆ ತನ್ನಿ ಎಂಬುದು ಒಂದು. ಈಗ ಎಷ್ಟಿದೆಯೋ ಅದಕ್ಕೆ 150 ಸೇರಿಸಿ ಎಂಬುದು ಇನ್ನೊಂದು. ಆ ಗೋಡೆಯವರೆಗೆ ತಲುಪಿಸಿ ಎಂಬುದು ಮೂರನೆಯದು. ಮೊದಲನೆಯದನ್ನು ನಿಗದಿ, ಎರಡನೆಯದನ್ನು ಏರಿಕೆ, ಮೂರನೆಯದನ್ನು ತಲುಪಿಸುವಿಕೆ ಎಂದು ಕರೆಯೋಣ. ನಕ್ಷೆ ಬರೆಯುವ ಆಟೋಕ್ಯಾಡ್ ತಂತ್ರಾಂಶದ ಲೆಂಗ್ತನ್ ಆಜ್ಞೆ ಇವುಗಳಲ್ಲಿ ಮೊದಲ ಎರಡನ್ನು ಟೋಟಲ್ ಮತ್ತು ಡೆಲ್ಟಾ ಎಂಬ ಪ್ರತ್ಯೇಕ ಆಯ್ಕೆಗಳಾಗಿಯೇ ಕೊಡುತ್ತದೆ. ಮೂರನೆಯದಕ್ಕೆ ಅಲ್ಲಿ ಎಕ್ಸ್‌ಟೆಂಡ್ ಇದೆ. ಮಾದರಿ ತಯಾರಿಸುವ ತಂತ್ರಾಂಶಗಳಲ್ಲಿ ಈ ವಿಂಗಡಣೆ ಅಷ್ಟು ಸ್ಪಷ್ಟವಾಗಿ ಕಣ್ಣಿಗೆ ಬೀಳುವುದಿಲ್ಲವಾದರೂ ಒಳಗೆ ಇರುವುದು ಇದೇ.

ಇವುಗಳಲ್ಲಿ ನಿಗದಿ ಅತ್ಯಂತ ಸುಲಭ, ತಲುಪಿಸುವಿಕೆಗೆ ಸಿದ್ಧ ಸಾಧನವಿದೆ, ತೊಂದರೆ ಕೊಡುವುದು ಏರಿಕೆ. ಏಕೆಂದರೆ ಅಲ್ಲಿ ಪ್ರತಿ ಘಟಕದ ಹೊಸ ಅಂಕಿಯೂ ಬೇರೆ ಬೇರೆ. ಜನರು ಡೈನಮೊ ಅಥವಾ ಕೋಡ್‌ನ ಕಡೆಗೆ ಓಡುವುದು ಸಾಮಾನ್ಯವಾಗಿ ಈ ಕಾರಣಕ್ಕೇ. ಹಾಗೆ ಓಡುವ ಮೊದಲು ಏರಿಕೆಯನ್ನು ನಿಗದಿಯಾಗಿ ಪರಿವರ್ತಿಸಲು ಸಾಧ್ಯವೇ ಎಂದು ಕೇಳಿಕೊಂಡರೆ ಎಷ್ಟೋ ಶ್ರಮ ಉಳಿಯುತ್ತದೆ. ಇದನ್ನು ಮುಂದೆ ಎರಡು ಕಡೆ ತೋರಿಸುತ್ತೇನೆ.

ಪ್ರಾಪರ್ಟೀಸ್ ಫಲಕ

ಎಲ್ಲರಿಗೂ ಗೊತ್ತಿರುವ, ಆದರೆ ಪೂರ್ತಿಯಾಗಿ ಬಳಕೆಯಾಗದ ದಾರಿ ಇದು. ಒಂದು ಘಟಕದ ಮೇಲೆ ಬಲ ಕ್ಲಿಕ್ ಮಾಡಿ ಸೆಲೆಕ್ಟ್ ಆಲ್ ಇನ್‌ಸ್ಟನ್ಸಸ್ ಆಯ್ದುಕೊಂಡರೆ ಈ ನೋಟದಲ್ಲಿ ಕಾಣುವವು ಅಥವಾ ಇಡೀ ಪ್ರಾಜೆಕ್ಟ್‌ನಲ್ಲಿರುವವು ಎಂಬ ಎರಡು ದಾರಿ ಸಿಗುತ್ತವೆ. ಇಡೀ ಪ್ರಾಜೆಕ್ಟ್ ಎಂಬುದನ್ನು ಯೋಚಿಸದೆ ಒತ್ತಬಾರದು; ಕೆಡವಬೇಕಾದ ಹಳೆಯ ಗೋಡೆಗಳು ಬೇರೊಂದು ಫೇಸ್‌ನಲ್ಲಿದ್ದರೂ (ಕಟ್ಟಡ ಕೆಲಸದ ಬೇರೊಂದು ಹಂತದಲ್ಲಿದ್ದರೂ) ಅವೂ ಆಯ್ಕೆಯಾಗುತ್ತವೆ. ಆಯ್ಕೆಯಾದ ಮೇಲೆ ಅಂಕಿಗಳು ಬೇರೆ ಬೇರೆಯಾಗಿದ್ದರೆ ಆ ಸಾಲಿನಲ್ಲಿ ವೇರೀಸ್ ಎಂದು ಕಾಣುತ್ತದೆ. ಅಲ್ಲಿ ಹೊಸ ಅಂಕಿ ಬರೆದರೆ ಎಲ್ಲವೂ ಆ ಅಂಕಿಗೆ ಬರುತ್ತವೆ, ಹಳೆಯ ವ್ಯತ್ಯಾಸಗಳು ಅಳಿಸಿಹೋಗುತ್ತವೆ.

ಅಳತೆಯ ಸಾಲಿನಲ್ಲಿ ಸಮ ಚಿಹ್ನೆ ಹಾಕಿ ಸಣ್ಣ ಲೆಕ್ಕ ಬರೆಯಲು ರೆವಿಟ್ ಅವಕಾಶ ಕೊಡುತ್ತದೆ. ಅದನ್ನು ನೋಡಿ ಏರಿಕೆಯೂ ಸಾಧ್ಯವೆಂದು ಹಲವರು ಭಾವಿಸುತ್ತಾರೆ. ಆದರೆ ಆ ಲೆಕ್ಕಕ್ಕೆ ಪ್ರತಿ ಘಟಕದ ಈಗಿನ ಬೆಲೆ, ಅಂದರೆ ಅದರಲ್ಲಿ ಈಗಿರುವ ಅಂಕಿ, ತಿಳಿಯದು, ಬರುವ ಉತ್ತರ ಒಂದೇ. ಆದರೂ ಇದೇ ಫಲಕದಲ್ಲಿ ಏರಿಕೆಯನ್ನು ಸಾಧಿಸುವ ದಾರಿಯೊಂದಿದೆ. ಮೊದಲ ಮಹಡಿಯಿಂದ ಎರಡನೆಯ ಮಹಡಿಗೆ ಹೋಗುವ ಕಂಬಗಳನ್ನು ತೆಗೆದುಕೊಳ್ಳಿ. ಅವುಗಳ ಬುಡದ ಆಫ್‌ಸೆಟ್‌ಗಳು ಬೇರೆ ಬೇರೆ, ಆದ್ದರಿಂದ ಉದ್ದಗಳೂ ಬೇರೆ ಬೇರೆ. ಆದರೆ ತಲೆಯ ಕಡೆ ಎಲ್ಲದರ ಟಾಪ್ ಆಫ್‌ಸೆಟ್ ಸೊನ್ನೆಯಾಗಿರುತ್ತದೆ. ಎಲ್ಲವನ್ನೂ ಆಯ್ದು ಟಾಪ್ ಆಫ್‌ಸೆಟ್ 150 ಎಂದು ಬರೆದರೆ ಪ್ರತಿ ಕಂಬವೂ ಈಗಿರುವುದಕ್ಕಿಂತ 150 ಉದ್ದವಾಗುತ್ತದೆ, ಬುಡದ ವ್ಯತ್ಯಾಸಗಳು ಹಾಗೇ ಉಳಿಯುತ್ತವೆ. ನಾವು ಮಾಡಿದ್ದು ನಿಗದಿ, ಸಿಕ್ಕಿದ್ದು ಏರಿಕೆ.

ಉಕ್ಕಿನ ತೊಲೆಗಳಿಗೂ ಇಂಥದೇ ಒಂದು ಅನುಕೂಲವಿದೆ. ಬೇರೆ ಘಟಕಕ್ಕೆ ಜೋಡಣೆಯಾಗದ ತುದಿಗಳಿಗೆ ಸ್ಟಾರ್ಟ್ ಎಕ್ಸ್‌ಟೆನ್ಷನ್ ಮತ್ತು ಎಂಡ್ ಎಕ್ಸ್‌ಟೆನ್ಷನ್ ಎಂಬ ಸಾಲುಗಳು ಸಿಗುತ್ತವೆ. ಇವು ತೊಲೆಯ ಆಧಾರ ಗೆರೆಯನ್ನು ಮುಟ್ಟದೆ ಅದರ ಕಾಣುವ ರೂಪವನ್ನಷ್ಟೇ ಮುಂದಕ್ಕೆ ಚಾಚುತ್ತವೆ. ಉದ್ದ ಬೇರೆ ಬೇರೆಯಾಗಿರುವ ಎಂಬತ್ತು ತೊಲೆಗಳ ಕೊನೆಯನ್ನು ತಲಾ 75 ಮಿಲಿಮೀಟರ್ ಹೊರಚಾಚಬೇಕಾದರೆ ಈ ಸಾಲಿನಲ್ಲಿ 75 ಎಂದು ಒಮ್ಮೆ ಬರೆದರೆ ಸಾಕು. ಜೋಡಣೆಯಾದ ತುದಿಯಲ್ಲಿ ಇದರ ಬದಲು ಜಾಯಿನ್ ಕಟ್‌ಬ್ಯಾಕ್ ಎಂಬುದು ಇರುತ್ತದೆ, ಅದರ ಕೆಲಸ ಬೇರೆ. ಯಾವ ತುದಿ ಸ್ಟಾರ್ಟ್, ಯಾವುದು ಎಂಡ್ ಎಂಬುದು ತೊಲೆಯನ್ನು ಎಳೆದ ದಿಕ್ಕನ್ನು ಅವಲಂಬಿಸಿದೆ ಎಂಬುದನ್ನು ಇಲ್ಲಿ ಮರೆಯಬಾರದು. ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ಶೆಡ್ಯೂಲ್

ಶೆಡ್ಯೂಲ್ ಎಂಬುದು ಬರಿಯ ಪಟ್ಟಿಯಲ್ಲ, ತಿದ್ದುವ ಜಾಗವೂ ಹೌದು. ಘಟಕಗಳು ಹತ್ತಾರು ನೋಟಗಳಲ್ಲಿ ಚದುರಿಹೋಗಿರುವಾಗ, ಅಥವಾ ಆಯ್ಕೆಯನ್ನು ಗುರುತು, ಮಹಡಿ, ಟೈಪ್ ಎಂಬ ಮಾಹಿತಿಯ ಆಧಾರದ ಮೇಲೆ ಮಾಡಬೇಕಾದಾಗ ಇದು ಫಲಕಕ್ಕಿಂತ ಮೇಲು. ಸಾರ್ಟಿಂಗ್ ವಿಭಾಗದಲ್ಲಿ ಪ್ರತಿ ಇನ್‌ಸ್ಟನ್ಸನ್ನೂ ಬೇರೆ ಸಾಲಿನಲ್ಲಿ ತೋರಿಸುವ ಗುರುತನ್ನು ತೆಗೆದುಹಾಕಿದರೆ ಒಂದೇ ಬಗೆಯವು ಒಂದು ಸಾಲಿನಲ್ಲಿ ಕೂಡಿಕೊಳ್ಳುತ್ತವೆ. ಆ ಸಾಲಿನ ಅಂಕಿಯನ್ನು ತಿದ್ದಿದರೆ ಅದರ ಹಿಂದಿರುವ ಎಲ್ಲವೂ ಬದಲಾಗುತ್ತವೆ. ಟೈಪ್‌ಗೆ ಸೇರಿದ ಅಂಕಿಯಾದರೆ ಆ ಟೈಪ್‌ನ ಎಲ್ಲಕ್ಕೂ ಅನ್ವಯವಾಗುತ್ತದೆ ಎಂದು ತಂತ್ರಾಂಶವೇ ಮುನ್ನೆಚ್ಚರಿಕೆ ಕೊಡುತ್ತದೆ.

ಮಿತಿಗಳು ಎರಡು. ಫಲಕದಲ್ಲಿ ಬೂದು ಬಣ್ಣದಲ್ಲಿದ್ದದ್ದು ಇಲ್ಲಿಯೂ ತಿದ್ದಲಾಗದು, ಹಾಗಾಗಿ ಗೋಡೆಯ ಅಡ್ಡ ಉದ್ದಕ್ಕೆ ಶೆಡ್ಯೂಲ್‌ನಿಂದ ಪ್ರಯೋಜನವಿಲ್ಲ. ಇನ್ನೊಂದು, ಕ್ಯಾಲ್ಕುಲೇಟೆಡ್ ವ್ಯಾಲ್ಯೂ ಕಾಲಂನಲ್ಲಿ ಉದ್ದಕ್ಕೆ 150 ಕೂಡಿಸಿದ ಅಂಕಿಯನ್ನು ತೋರಿಸಬಹುದೇ ಹೊರತು ಅದನ್ನು ಮಾದರಿಯೊಳಕ್ಕೆ ಬರೆಯಲಾಗದು. ಅಂದರೆ ಏರಿಕೆಯ ಉತ್ತರ ಕಣ್ಣೆದುರಿಗೇ ಇರುತ್ತದೆ, ಕೈಗೆ ಮಾತ್ರ ಸಿಗುವುದಿಲ್ಲ.

ಲೆವೆಲ್, ರೆಫರೆನ್ಸ್ ಪ್ಲೇನ್, ಗ್ಲೋಬಲ್ ಪ್ಯಾರಾಮೀಟರ್

ಇಲ್ಲಿಯವರೆಗಿನ ದಾರಿಗಳು ಈ ಸಲದ ಕೆಲಸವನ್ನು ಮುಗಿಸುತ್ತವೆ. ಅದೇ ಅಳತೆ ಮುಂದಿನ ತಿಂಗಳು ಮತ್ತೆ ಬದಲಾಗುವ ಸಂಭವವಿದ್ದರೆ ಅಂಕಿಗಳನ್ನು ತಿದ್ದುವುದಕ್ಕಿಂತ ಅಂಕಿಗಳ ಒಡೆಯನನ್ನು ಬದಲಿಸುವುದು ಒಳ್ಳೆಯದು. ವಿನ್ಯಾಸದ ಆರಂಭದ ಹಂತದಲ್ಲಿ, ಮಹಡಿಯ ಎತ್ತರವೇ ಇನ್ನೂ ತೀರ್ಮಾನವಾಗದಿರುವಾಗ, ಗೋಡೆಗಳನ್ನು ಅನ್‌ಕನೆಕ್ಟೆಡ್ ಹೈಟ್ ಎಂಬ ಒಂಟಿ ಅಂಕಿಗೆ ಬಿಡುವುದು ಮುಂದೆ ತೊಂದರೆಯನ್ನು ಕರೆದುಕೊಳ್ಳುವ ಕೆಲಸ. ಎಲ್ಲ ಗೋಡೆಗಳನ್ನೂ ಆಯ್ದು ಟಾಪ್ ಕನ್‌ಸ್ಟ್ರೇಂಟ್ ಅನ್ನು ಮೇಲಿನ ಲೆವೆಲ್‌ಗೆ ಕಟ್ಟಿದರೆ, 3600 ಇದ್ದ ಮಹಡಿ 3900 ಆದಾಗ ಲೆವೆಲ್‌ನ ಗೆರೆಯನ್ನು ಸರಿಸಿದರೆ ಸಾಕು, ಗೋಡೆ ಕಂಬಗಳೆಲ್ಲ ಹಿಂಬಾಲಿಸುತ್ತವೆ.

ಆದರೆ ಹಿಂಬಾಲಿಸುವುದು ಗೋಡೆ ಕಂಬಗಳು ಮಾತ್ರವಲ್ಲ ಎಂಬುದೇ ಈ ದಾರಿಯ ಬೆಲೆ. ಆ ಲೆವೆಲ್‌ನ ಮೇಲೆ ನಿಂತ ನೆಲಹಾಸು, ಪೀಠೋಪಕರಣ, ಬಾಗಿಲು ಕಿಟಕಿಗಳೆಲ್ಲವೂ ಜೊತೆಗೇ ಏರುತ್ತವೆ. ಮಹಡಿಯೇ ಏರಬೇಕಿದ್ದರೆ ಇದು ಸರಿ. ಕಂಬದ ತಲೆ ಮಾತ್ರ ಏರಬೇಕಿದ್ದರೆ ಲೆವೆಲ್ ಮುಟ್ಟದೆ ಟಾಪ್ ಆಫ್‌ಸೆಟ್ ಬಳಸಬೇಕು. ಇವೆರಡರ ಗೊಂದಲದಿಂದ ಹುಟ್ಟುವ ತಪ್ಪುಗಳು ತಡವಾಗಿ ಹೊರಬೀಳುತ್ತವೆ, ಏಕೆಂದರೆ ಮೇಲಿನಿಂದ ನೋಡುವ ಪ್ಲಾನ್ ನೋಟದಲ್ಲಿ ಏನೂ ಬದಲಾದಂತೆ ಕಾಣುವುದಿಲ್ಲ. ಸೆಕ್ಷನ್ (ಕಟ್ಟಡವನ್ನು ಲಂಬವಾಗಿ ಸೀಳಿದ ನೋಟ) ತೆಗೆದಾಗಲೇ ತಿಳಿಯುವುದು.

ಅಡ್ಡ ಉದ್ದಗಳಿಗೆ ಲೆವೆಲ್‌ನ ಬದಲು ರೆಫರೆನ್ಸ್ ಪ್ಲೇನ್ (ಅಳತೆಗೆ ಆಧಾರವಾಗಿ ಎಳೆದಿಡುವ ತಳ) ಅಥವಾ ಗ್ರಿಡ್ (ಕಂಬಗಳ ಸಾಲನ್ನು ಗುರುತಿಸುವ ಗೆರೆ) ಒದಗುತ್ತದೆ. ಅಲೈನ್ ಸಾಧನದಲ್ಲಿ ಮಲ್ಟಿಪಲ್ ಅಲೈನ್‌ಮೆಂಟ್ ಗುರುತು ಹಾಕಿ, ಒಂದು ಪ್ಲೇನ್ ಆಯ್ದು, ಹತ್ತಾರು ಗೋಡೆಗಳ ತುದಿಗಳನ್ನು ಅದಕ್ಕೆ ಹೊಂದಿಸಿ ಬೀಗ ಹಾಕಿದರೆ ಮುಂದೆ ಪ್ಲೇನ್ ಸರಿದಂತೆ ಎಲ್ಲವೂ ಸರಿಯುತ್ತವೆ. ಗ್ಲೋಬಲ್ ಪ್ಯಾರಾಮೀಟರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಒಂದು ಹೆಸರಿಟ್ಟ ಅಂಕಿಯನ್ನು ಹಲವು ಡೈಮೆನ್ಷನ್‌ಗಳಿಗೂ ಘಟಕಗಳ ಸಾಲುಗಳಿಗೂ ಕಟ್ಟಬಹುದು, ಸೂತ್ರವನ್ನೂ ಬರೆಯಬಹುದು. ರೆವಿಟ್ 2017ರಿಂದ ಈಚೆಗೆ ಎಲ್ಲ ಆವೃತ್ತಿಗಳಲ್ಲೂ ಇದಿದೆ.

ಬೀಗಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. ಎಲ್ಲವನ್ನೂ ಎಲ್ಲಕ್ಕೂ ಕಟ್ಟಿಹಾಕಿದ ಮಾದರಿಯಲ್ಲಿ ಒಂದು ಗೋಡೆ ಸರಿಸಿದರೆ ನಿರ್ಬಂಧಗಳು ಈಡೇರುತ್ತಿಲ್ಲ ಎಂಬ ದೋಷದ ಪೆಟ್ಟಿಗೆ ಬರುತ್ತದೆ, ಅವಸರದಲ್ಲಿರುವವರು ರಿಮೂವ್ ಕನ್‌ಸ್ಟ್ರೇಂಟ್ಸ್ ಒತ್ತುತ್ತಾರೆ, ಕಟ್ಟಿದವರಿಗೆ ತಿಳಿಯದಂತೆ ಕಟ್ಟು ಬಿಚ್ಚಿಹೋಗುತ್ತದೆ. ಕೆಲವೇ ಪ್ಲೇನ್‌ಗಳು, ಅವುಗಳಿಗೆ ಅರ್ಥವಿರುವ ಹೆಸರುಗಳು, ಬೇರೆಯವರು ಅರಿಯದೆ ಸರಿಸದಂತೆ ಒಂದು ಪಿನ್: ಇಷ್ಟಿದ್ದರೆ ಈ ದಾರಿ ಬಾಳಿಕೆ ಬರುತ್ತದೆ. ಒಮ್ಮೆ ಮಾಡಿ ಮರೆಯುವ ಕೆಲಸಕ್ಕೆ ಇದನ್ನು ಕಟ್ಟುವುದು ದಂಡ.

ಟ್ರಿಮ್ ಮತ್ತು ಎಕ್ಸ್‌ಟೆಂಡ್

ತಲುಪಿಸುವಿಕೆಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಟ್ರಿಮ್/ಎಕ್ಸ್‌ಟೆಂಡ್ ಮಲ್ಟಿಪಲ್ ಎಲಿಮೆಂಟ್ಸ್ ಸಾಧನದಲ್ಲಿ ಮೊದಲು ಗಡಿಯಾಗುವ ಗೋಡೆಯನ್ನೋ ಗೆರೆಯನ್ನೋ ಒತ್ತಿ, ಬಳಿಕ ಮುಟ್ಟಬೇಕಾದವುಗಳನ್ನು ಒಂದೊಂದಾಗಿ ಒತ್ತಬಹುದು ಅಥವಾ ಚೌಕಟ್ಟು ಎಳೆದು ಒಟ್ಟಿಗೆ ಹಿಡಿಯಬಹುದು. ಗೋಡೆಗಳಿಗೂ ತೊಲೆಗಳಿಗೂ ಇದು ಕೆಲಸ ಮಾಡುತ್ತದೆ. ಆಟೋಕ್ಯಾಡ್‌ನಿಂದ ಬಂದವರು ಇಲ್ಲಿ ಎಡವುವುದು ಒಂದೇ ಕಡೆ: ಅಲ್ಲಿ ಕತ್ತರಿಸಿ ಬಿಸಾಡಬೇಕಾದ ತುಂಡನ್ನು ಒತ್ತುತ್ತೇವೆ, ರೆವಿಟ್‌ನಲ್ಲಿ ಉಳಿಯಬೇಕಾದ ತುಂಡನ್ನು ಒತ್ತಬೇಕು. ಕಂಬದ ತಲೆಯನ್ನೋ ಗೋಡೆಯ ತಲೆಯನ್ನೋ ಇಳಿಜಾರು ಛಾವಣಿಗೆ ಮುಟ್ಟಿಸಬೇಕಾದರೆ ಅಟ್ಯಾಚ್ ಟಾಪ್/ಬೇಸ್ ಬಳಸಬೇಕು. ಛಾವಣಿಯ ಇಳಿಜಾರು ಬದಲಾದರೂ ಆ ಸಂಬಂಧ ಉಳಿಯುತ್ತದೆ. ಟ್ರಿಮ್ ಮಾಡಿದ್ದು ಹಾಗಲ್ಲ, ಗಡಿಯ ಗೋಡೆ ನಾಳೆ ಸರಿದರೆ ಜೋಡಣೆಯಾಗದ ತುದಿಗಳು ನಿಂತಲ್ಲೇ ನಿಲ್ಲುತ್ತವೆ.

ಡೈನಮೊ

ಏರಿಕೆಯನ್ನು ನಿಗದಿಯಾಗಿ ಪರಿವರ್ತಿಸಲು ಸಾಧ್ಯವೇ ಇಲ್ಲದಿದ್ದಾಗ, ಅಂದರೆ ಪ್ರತಿ ಘಟಕದ ಈಗಿನ ಬೆಲೆಯನ್ನು ಓದಿ, ಲೆಕ್ಕ ಹಾಕಿ, ಹಿಂದಕ್ಕೆ ಬರೆಯಲೇಬೇಕಾದಾಗ ಡೈನಮೊ ತನ್ನ ಜಾಗಕ್ಕೆ ಬರುತ್ತದೆ. ನೋಡ್‌ಗಳನ್ನು ತಂತಿಗಳಿಂದ ಜೋಡಿಸುವ ಈ ವ್ಯವಸ್ಥೆಯಲ್ಲಿ ವರ್ಗದ ಎಲ್ಲ ಘಟಕಗಳನ್ನು ತರುವ ನೋಡ್, ಪ್ಯಾರಾಮೀಟರ್ ಓದುವ ನೋಡ್, ಕೂಡಿಸುವ ನೋಡ್, ಬರೆಯುವ ನೋಡ್ ಇಷ್ಟೇ ಸಾಕು. ಫಲಿತಾಂಶವನ್ನು ಬರೆಯುವ ಮೊದಲು ಪಟ್ಟಿಯಾಗಿ ಕಣ್ಣಾರೆ ನೋಡಬಹುದು ಎಂಬುದು ಇದರ ದೊಡ್ಡ ಅನುಕೂಲ. ಹೀಗೆ ಜೋಡಿಸಿದ ನೋಡ್‌ಗಳ ಜಾಲವನ್ನು, ಅಂದರೆ ಗ್ರಾಫನ್ನು, ಡೈನಮೊ ಪ್ಲೇಯರ್ ಮೂಲಕ ಬೇರೆಯವರೂ ಓಡಿಸಬಹುದು, ಅವರಿಗೆ ಒಳಗಿನ ತಂತಿಗಳು ತಿಳಿದಿರಬೇಕಾಗಿಲ್ಲ.

ಬೂದು ಬಣ್ಣದ ಉದ್ದಗಳಿಗೆ ಪ್ಯಾರಾಮೀಟರ್ ಬರೆಯುವ ನೋಡ್ ಇಲ್ಲಿಯೂ ಕೆಲಸ ಮಾಡದು. ಓದಲಷ್ಟೇ ಸಾಧ್ಯವಿರುವ ಸಾಲು ಎಲ್ಲಿಂದ ಮುಟ್ಟಿದರೂ ಓದಲಷ್ಟೇ ಸಾಧ್ಯ. ಅಲ್ಲಿ ಘಟಕದ ಆಧಾರ ಗೆರೆಯನ್ನು ತೆಗೆದುಕೊಂಡು, ಅದನ್ನು ಆರಂಭದ ಕಡೆಯಿಂದಲೋ ಕೊನೆಯ ಕಡೆಯಿಂದಲೋ ಚಾಚಿ, ಹೊಸ ಗೆರೆಯನ್ನು ಘಟಕಕ್ಕೆ ಹಿಂದಿರುಗಿಸಬೇಕು.

ಎರಡು ವಿಷಯಗಳನ್ನು ಹತ್ತಿರದಿಂದ ನೋಡಬೇಕು. ಮೊದಲನೆಯದು ಪಟ್ಟಿಗಳ ಹೊಂದಾಣಿಕೆ. ನಲವತ್ತು ತೊಲೆಗಳ ಪಟ್ಟಿಗೆ ಎಕ್ಸೆಲ್‌ನಿಂದ ಮೂವತ್ತೊಂಬತ್ತು ಅಂಕಿಗಳು ಬಂದವೆನ್ನಿ. ಲೇಸಿಂಗ್ (ಎರಡು ಪಟ್ಟಿಗಳನ್ನು ಜೋಡಿಸುವ ಕ್ರಮ) ಶಾರ್ಟೆಸ್ಟ್ ಆಗಿದ್ದರೆ ನಲವತ್ತನೆಯ ತೊಲೆ ಹಾಗೇ ಉಳಿಯುತ್ತದೆ, ಲಾಂಗೆಸ್ಟ್ ಆಗಿದ್ದರೆ ಕೊನೆಯ ಅಂಕಿ ಎರಡು ಸಲ ಬಳಕೆಯಾಗುತ್ತದೆ; ಎರಡೂ ಸಂದರ್ಭಗಳಲ್ಲಿ ಯಾವ ದೂರೂ ಕೇಳಿಬರುವುದಿಲ್ಲ. ಬಿಟ್ಟುಹೋದ ಅಂಕಿ ಪಟ್ಟಿಯ ನಡುವೆ ಇದ್ದರಂತೂ ಅಲ್ಲಿಂದಾಚೆಗಿನ ಎಲ್ಲ ತೊಲೆಗಳಿಗೂ ಪಕ್ಕದ ತೊಲೆಯ ಅಳತೆ ಸೇರುತ್ತದೆ. ಆದ್ದರಿಂದ ಎಕ್ಸೆಲ್ ಮೂಲಕ ಹೋಗಿ ಬರುವಾಗ ಸಾಲುಗಳ ಕ್ರಮವನ್ನು ನಂಬದೆ ಐಡಿಯ ಆಧಾರದ ಮೇಲೆ ಹೊಂದಿಸಬೇಕು. ಎರಡನೆಯದು ರನ್ ವಿಧಾನ. ಆಟೊಮ್ಯಾಟಿಕ್ ಎಂದಿದ್ದರೆ ಗ್ರಾಫಿನಲ್ಲಿ ಒಂದು ಅಂಕಿ ತಿದ್ದಿದೊಡನೆ ಮಾದರಿಯೂ ಬದಲಾಗುತ್ತದೆ. ಏರಿಕೆಯ ಗ್ರಾಫಿನಲ್ಲಿ ಇದು ಅಪಾಯ: ಬರೆಯುವುದು ಮತ್ತೆ ನಡೆದರೆ, ಆ ಹೊತ್ತಿಗೆ ಮಾದರಿಯಿಂದ ಓದಿದ ಬೆಲೆ ಈಗಾಗಲೇ ಏರಿದ ಬೆಲೆಯಾಗಿದ್ದರೆ, 150ರ ಬದಲು 300 ಸೇರಿರುತ್ತದೆ. ಮ್ಯಾನ್ಯುಯಲ್‌ನಲ್ಲಿಟ್ಟು ಒಮ್ಮೆ ಮಾತ್ರ ಓಡಿಸುವುದು, ಅದಕ್ಕಿಂತಲೂ ಉತ್ತಮವಾಗಿ ಮೂಲ ಅಂಕಿಯನ್ನು ಬೇರೊಂದು ಪ್ಯಾರಾಮೀಟರಿನಲ್ಲಿ ಉಳಿಸಿಕೊಂಡು ಅದರಿಂದಲೇ ಲೆಕ್ಕ ಹಾಕುವುದು ಸುರಕ್ಷಿತ. ಹಾಗೆ ಮಾಡಿದರೆ ಎಷ್ಟು ಸಲ ಓಡಿಸಿದರೂ ಉತ್ತರ ಒಂದೇ.

ಪೈರೆವಿಟ್ ಮತ್ತು ನೇರ ಕೋಡ್

ಕೆಲಸ ಪದೇ ಪದೇ ಬರುವುದಾದರೆ, ನಿಯಮಗಳಲ್ಲಿ "ಹೀಗಿದ್ದರೆ ಹಾಗೆ" ಎಂಬ ಕವಲುಗಳು ಹೆಚ್ಚಾದರೆ, ಘಟಕಗಳ ಸಂಖ್ಯೆ ಸಾವಿರಗಳನ್ನು ಮುಟ್ಟಿದರೆ ಗ್ರಾಫಿಗಿಂತ ಕೋಡ್ ಓದಲು ಸುಲಭ. ಮುಕ್ತ ತಂತ್ರಾಂಶವಾದ ಪೈರೆವಿಟ್ ಮೂಲಕ ಪೈಥಾನ್ ಸ್ಕ್ರಿಪ್ಟನ್ನು ರೆವಿಟ್‌ನ ಮೇಲ್ಪಟ್ಟಿಯಲ್ಲಿ ಒಂದು ಬಟನ್ನಾಗಿ ಇಡಬಹುದು. ಸಿ ಶಾರ್ಪ್‌ನಲ್ಲಿ ಪೂರ್ಣ ಪ್ರಮಾಣದ ಆಡ್-ಇನ್ (ರೆವಿಟ್‌ಗೆ ಸೇರಿಸುವ ಉಪತಂತ್ರಾಂಶ) ಬರೆಯುವುದು ಇನ್ನೊಂದು ದಾರಿ. ಇವೆರಡರಲ್ಲಿ, ಒಂದು ಕಚೇರಿಯ ಒಳಗಿನ ಬಳಕೆಗೆ ಪೈರೆವಿಟ್ ಸಾಕು ಎಂದು ನನಗೆ ಅನಿಸುತ್ತದೆ. ಆಡ್-ಇನ್‌ಗಳನ್ನು ಆವೃತ್ತಿ ಬದಲಾದಂತೆ ನೋಡಿಕೊಳ್ಳುತ್ತಲೇ ಇರಬೇಕು: ರೆವಿಟ್ 2025 ಮೈಕ್ರೋಸಾಫ್ಟ್‌ನ ಡಾಟ್‌ನೆಟ್ 8 ಎಂಬ ತಳಹದಿಗೆ ಹೋದಾಗ ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್‌ಗೆ ಬರೆದವುಗಳನ್ನು ಮತ್ತೆ ಕಟ್ಟಬೇಕಾಯಿತು. ಸ್ಕ್ರಿಪ್ಟ್‌ಗಳೂ ಪೂರ್ತಿ ಪಾರಾಗುವುದಿಲ್ಲ. ಕೋಡ್‌ನಲ್ಲಿ ಅಳತೆಯ ಮಾನಗಳನ್ನು (ಮಿಲಿಮೀಟರ್, ಅಡಿ ಮುಂತಾದವನ್ನು) ಹೆಸರಿಸುವ ಹಳೆಯ ಕ್ರಮವನ್ನು 2021ರಲ್ಲಿ ಬದಿಗೆ ಸರಿಸಿ 2022ರಲ್ಲಿ ತೆಗೆದೇಹಾಕಿದ್ದರಿಂದ ಅದನ್ನು ನೆಚ್ಚಿದ್ದ ಸಾಲುಗಳೆಲ್ಲ ನಿಂತುಹೋದವು.

ಮಾನದ ವಿಷಯ ಬಂದದ್ದರಿಂದ ಹೇಳಬೇಕು: ಪರದೆಯ ಮೇಲೆ ಯಾವ ಮಾನ ಕಂಡರೂ ರೆವಿಟ್ ಒಳಗೆ ಉದ್ದವನ್ನು ದಶಮಾಂಶ ಅಡಿಗಳಲ್ಲಿ ಇಡುತ್ತದೆ. ಒಂದು ಅಡಿ ಎಂದರೆ 304.8 ಮಿಲಿಮೀಟರ್. ಕೋಡ್‌ನಲ್ಲಿ ನೇರವಾಗಿ 3000 ಎಂದು ಬರೆದರೆ ಅದು 3000 ಅಡಿ, ಅಂದರೆ 914.4 ಮೀಟರ್ ಉದ್ದದ ತೊಲೆಯಾಗುತ್ತದೆ. ಇಷ್ಟು ದೊಡ್ಡ ತಪ್ಪು ಕೂಡಲೇ ಕಾಣುತ್ತದೆ, ಅಪಾಯ ಕಡಿಮೆ. ಅಪಾಯವಿರುವುದು ಸಣ್ಣ ಅಂಕಿಗಳಲ್ಲಿ: ಅರ್ಧ ಮಿಲಿಮೀಟರ್ ಎಂದುಕೊಂಡು 0.5 ಬರೆದರೆ 152.4 ಮಿಲಿಮೀಟರ್ ಸೇರುತ್ತದೆ, ನೋಟದಲ್ಲಿ ಅದು ಸಹಜವಾಗಿಯೇ ಕಾಣಬಹುದು. ಇನ್ನೊಂದು ತುದಿಯಲ್ಲಿ, ಸುಮಾರು 0.8 ಮಿಲಿಮೀಟರಿಗಿಂತ ಚಿಕ್ಕ ಗೆರೆಯನ್ನು ರೆವಿಟ್ ಒಪ್ಪುವುದೇ ಇಲ್ಲ. ಮೋಟುಮಾಡುವ ಸ್ಕ್ರಿಪ್ಟ್‌ಗಳು ಇದರಿಂದಾಗಿ ನಡುವೆ ನಿಲ್ಲುತ್ತವೆ.

ದಿಕ್ಕಿನ ವಿಷಯಕ್ಕೆ ಮತ್ತೆ ಬರುತ್ತೇನೆ ಎಂದಿದ್ದೆ. ಗೋಡೆಯ ಆಧಾರ ಗೆರೆಗೆ ಸೊನ್ನೆಯ ತುದಿ ಮತ್ತು ಒಂದರ ತುದಿ ಎಂದು ಎರಡು ತುದಿಗಳು. ಎಡದಿಂದ ಬಲಕ್ಕೆ ಎಳೆದ ಗೋಡೆಯಲ್ಲಿ ಒಂದರ ತುದಿ ಬಲಗಡೆ ಇರುತ್ತದೆ, ಬಲದಿಂದ ಎಡಕ್ಕೆ ಎಳೆದದ್ದರಲ್ಲಿ ಎಡಗಡೆ. ಮಾದರಿಯನ್ನು ಮೂವರು ಸೇರಿ ಬರೆದಿದ್ದರೆ ಮೂವರ ಕೈಯ ರೂಢಿಯೂ ಅದರಲ್ಲಿ ಬೆರೆತಿರುತ್ತದೆ. ಒಂದರ ತುದಿಯನ್ನು 150 ಚಾಚು ಎಂಬ ಸ್ಕ್ರಿಪ್ಟ್ ಓಡಿಸಿದರೆ ಕೆಲವು ಗೋಡೆಗಳು ಕಾರಿಡಾರಿನ ಕಡೆಗೂ ಕೆಲವು ಹೊರಗೋಡೆಯ ಕಡೆಗೂ ಬೆಳೆಯುತ್ತವೆ, ಶೆಡ್ಯೂಲಿನಲ್ಲಿ ಮಾತ್ರ ಎಲ್ಲದರ ಉದ್ದವೂ ಸರಿಯಾಗಿಯೇ ಏರಿರುತ್ತದೆ. ಆದ್ದರಿಂದ ತುದಿಯನ್ನು ಅದರ ಸಂಖ್ಯೆಯಿಂದ ಆಯದೆ ಜಾಗದಿಂದ ಆಯಬೇಕು: ಎರಡು ತುದಿಗಳಲ್ಲಿ ಯಾವುದು ಇಂತಹ ಗ್ರಿಡ್‌ಗೆ ಹತ್ತಿರ, ಯಾವುದರ ಎಕ್ಸ್ ಬೆಲೆ ಹೆಚ್ಚು ಎಂದು ಹೋಲಿಸಿ ತೀರ್ಮಾನಿಸಬೇಕು.

ಜೋಡಣೆಗಳೂ ಕಾಡುತ್ತವೆ. ಒಂದು ಗೋಡೆಯ ತುದಿ ಸರಿದಾಗ ಅದಕ್ಕೆ ಸೇರಿಕೊಂಡ ಪಕ್ಕದ ಗೋಡೆಯೂ ಹಿಂಬಾಲಿಸಬಹುದು. ಆ ಪಕ್ಕದ ಗೋಡೆಯೂ ಪಟ್ಟಿಯಲ್ಲಿದ್ದರೆ ಅದರ ಸರದಿ ಬರುವ ಹೊತ್ತಿಗೆ ಅದು ಈಗಾಗಲೇ ಬದಲಾಗಿರುತ್ತದೆ. ಮೊದಲು ಎಲ್ಲ ಹೊಸ ಗೆರೆಗಳನ್ನು ಲೆಕ್ಕ ಹಾಕಿಟ್ಟುಕೊಂಡು, ತುದಿಗಳ ಜೋಡಣೆಯನ್ನು ತಾತ್ಕಾಲಿಕವಾಗಿ ತಡೆದು, ಬರೆದು, ಮತ್ತೆ ಜೋಡಣೆಗೆ ಬಿಡುವ ಕ್ರಮ ಇಲ್ಲಿ ಸರಿ. ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಒಟ್ಟಿಗೆ ನಡೆಯುವ ಬದಲಾವಣೆಗಳ ಕಂತೆಯಲ್ಲಿ) ಇಟ್ಟರೆ ಹಿಂದಕ್ಕೆ ಹೋಗಲು ಒಂದು ಅಂಡೂ ಸಾಕಾಗುತ್ತದೆ. ಗೋಡೆಯನ್ನು ಚಿಕ್ಕದು ಮಾಡುವಾಗ ಅದರಲ್ಲಿರುವ ಬಾಗಿಲು ಗೋಡೆಯಿಂದಾಚೆ ಉಳಿದುಬಿಟ್ಟರೆ ರೆವಿಟ್ ದೋಷ ತೋರಿಸಿ ಆ ಬಾಗಿಲನ್ನು ಅಳಿಸಲೇ ಎಂದು ಕೇಳುತ್ತದೆ. ಎಚ್ಚರಿಕೆಗಳನ್ನೂ ದೋಷಗಳನ್ನೂ ತಾನೇ ಬಗೆಹರಿಸಿಕೊಂಡು ಮುಂದೆ ಹೋಗುವಂತೆ ಬರೆದ ಸ್ಕ್ರಿಪ್ಟ್‌ನಲ್ಲಿ ಆ ಪ್ರಶ್ನೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅಂತಹ ಸಾಲುಗಳನ್ನು ಉದ್ದ ಬದಲಿಸುವ ಸ್ಕ್ರಿಪ್ಟ್‌ಗಳಲ್ಲಿ ಹಾಕದಿರುವುದೇ ಕ್ಷೇಮ.

ಪೈಪು ಮತ್ತು ಡಕ್ಟ್‌ಗಳಿಗೆ ಸಾಮೂಹಿಕ ಬದಲಾವಣೆಯನ್ನು ನಾನು ಸೂಚಿಸುವುದಿಲ್ಲ. ಒಂದರ ತುದಿ ಸರಿದರೆ ಫಿಟ್ಟಿಂಗ್ ಸರಿಯುತ್ತದೆ, ಫಿಟ್ಟಿಂಗ್ ಜೊತೆಗೆ ಮುಂದಿನ ಪೈಪೂ ಸರಿಯುತ್ತದೆ. ಇಡೀ ಸಾಲನ್ನು ಮುಖ್ಯ ಕೊಳವೆಯ ಜಾಗದಿಂದ ಸರಿಸುವುದೇ ವಾಸಿ.

ಬೇರೆ ತಂತ್ರಾಂಶಗಳಲ್ಲಿ

ಆರ್ಚಿಕ್ಯಾಡ್‌ನಲ್ಲಿ ತಲುಪಿಸುವಿಕೆಗೆ ಅಡ್ಜಸ್ಟ್ ಇದೆ. ಎತ್ತರಗಳನ್ನು ಹೋಮ್ ಸ್ಟೋರಿ (ಘಟಕ ಸೇರಿದ ಮಹಡಿ) ಮತ್ತು ಟಾಪ್ ಲಿಂಕ್‌ಗಳಿಂದ (ತಲೆಯನ್ನು ಮೇಲಿನ ಮಹಡಿಗೆ ಕಟ್ಟುವ ಕೊಂಡಿಗಳಿಂದ) ಕಟ್ಟಬಹುದು. ಅಲ್ಲಿಯ ವಿಶೇಷವೆಂದರೆ ಮಾರ್ಕೀ ಸ್ಟ್ರೆಚ್: ಚೌಕಟ್ಟಿನ ಒಳಗೆ ಬಿದ್ದ ತುದಿಗಳು ಸರಿಯುತ್ತವೆ, ಹೊರಗಿನವು ನಿಲ್ಲುತ್ತವೆ, ನಡುವೆ ಹಾದುಹೋಗುವವು ಉದ್ದವಾಗುತ್ತವೆ. ತೆಳು ಮಾರ್ಕೀ ಈಗಿನ ಮಹಡಿಯನ್ನು ಮಾತ್ರ, ದಪ್ಪ ಮಾರ್ಕೀ ಎಲ್ಲ ಮಹಡಿಗಳನ್ನೂ ಹಿಡಿಯುತ್ತದೆ. ತುದಿಯ ದಿಕ್ಕಿನ ಗೊಂದಲ ಇಲ್ಲಿ ಹುಟ್ಟುವುದೇ ಇಲ್ಲ, ಏಕೆಂದರೆ ತುದಿಯನ್ನು ಅದರ ಜಾಗದಿಂದಲೇ ಆಯುತ್ತೇವೆ. ಅಡ್ಡ ಉದ್ದಗಳ ಏರಿಕೆಗೆ, ಅದು ಒಂದೇ ದಿಕ್ಕಿನದಾಗಿದ್ದರೆ, ಇದಕ್ಕೆ ಸಮನಾದದ್ದು ರೆವಿಟ್‌ನಲ್ಲಿ ಇಲ್ಲ ಎಂದೇ ಹೇಳಬೇಕು.

ಟೆಕ್ಲಾ ಸ್ಟ್ರಕ್ಚರ್ಸ್‌ನಲ್ಲಿಯೂ ಆಲ್ಟ್ ಕೀಲಿಯನ್ನು ಒತ್ತಿ ಹಿಡಿದು ಚೌಕಟ್ಟು ಎಳೆದರೆ ಹಲವು ಭಾಗಗಳ ಹ್ಯಾಂಡಲ್‌ಗಳು (ತುದಿಯ ಹಿಡಿಗಳು) ಒಟ್ಟಿಗೆ ಆಯ್ಕೆಯಾಗುತ್ತವೆ, ಅವುಗಳನ್ನು ಸರಿಸಿದರೆ ಉದ್ದ ಬದಲಾಗುತ್ತದೆ. ಮತ್ತೆ ಮತ್ತೆ ಬದಲಾಗುವ ಅಳತೆಗೆ ಮ್ಯಾಗ್ನೆಟಿಕ್ ಕನ್‌ಸ್ಟ್ರಕ್ಷನ್ ಪ್ಲೇನ್ ಇದೆ. ಅದಕ್ಕೆ ಅಂಟಿದ ಹ್ಯಾಂಡಲ್‌ಗಳು ಅದರ ಜೊತೆಗೇ ಸರಿಯುತ್ತವೆ. ರೆವಿಟ್‌ನ ಬೀಗ ಹಾಕಿದ ರೆಫರೆನ್ಸ್ ಪ್ಲೇನ್‌ಗಿಂತ ಇದು ಹಗುರ, ಬಿಡಿಸಿಕೊಳ್ಳುವುದೂ ಸುಲಭ.

ಮೂಲ ಕಡತ ಇಲ್ಲದೆ ಐಎಫ್‌ಸಿ ಮಾತ್ರ ಕೈಯಲ್ಲಿರುವಾಗ ಐಎಫ್‌ಸಿ ಓಪನ್ ಶೆಲ್ ಎಂಬ ಮುಕ್ತ ಕೋಡ್ ಸಂಗ್ರಹದ ಮೂಲಕ ನೇರವಾಗಿ ತಿದ್ದಬಹುದು. ಕಂಬವನ್ನು ಆಕೃತಿಯೊಂದನ್ನು ಚಾಚಿ ಮಾಡಿದ ಘನವಾಗಿ ಬರೆದಿದ್ದರೆ ಅದರ ಡೆಪ್ತ್ ಎಂಬ ಬೆಲೆಯನ್ನು ಬದಲಿಸಿದರೆ ಸಾಕು. ಆದರೆ ಹಲವು ಕಂಬಗಳು ಒಂದೇ ರೂಪವನ್ನು ಮ್ಯಾಪ್ಡ್ ಐಟಂ ಮೂಲಕ ಹಂಚಿಕೊಂಡಿದ್ದರೆ ಒಂದನ್ನು ತಿದ್ದಲು ಹೋಗಿ ಎಲ್ಲವನ್ನೂ ತಿದ್ದಿದಂತಾಗುತ್ತದೆ. ಅದರ ಜೊತೆಗೆ ಕಡತದಲ್ಲಿ ಬೇರೆಯಾಗಿ ಬರೆದಿರುವ ಪರಿಮಾಣಗಳು, ಅಂದರೆ ಉದ್ದ ಘನಫಲಗಳ ಅಂಕಿಗಳು, ತಾವಾಗಿ ಬದಲಾಗುವುದಿಲ್ಲ. ಚಿತ್ರ ಒಂದು ಹೇಳುತ್ತದೆ, ಲೆಕ್ಕ ಇನ್ನೊಂದು ಹೇಳುತ್ತದೆ. ಬೇರೆ ಯಾವ ದಾರಿಯೂ ಇಲ್ಲದಾಗ ಮಾತ್ರ ಇದನ್ನು ಹಿಡಿಯಬೇಕು.

ಓಡಿಸುವ ಮೊದಲು, ಓಡಿಸಿದ ಮೇಲೆ

ಹಂಚಿಕೊಂಡ ಮಾದರಿಯಾದರೆ ಸೆಂಟ್ರಲ್‌ನಿಂದ (ಎಲ್ಲರೂ ಸೇರಿ ಬಳಸುವ ಮುಖ್ಯ ಕಡತದಿಂದ) ಬೇರ್ಪಡಿಸಿದ ಪ್ರತಿಯಲ್ಲಿ ಮೊದಲು ಪ್ರಯತ್ನಿಸಬೇಕು. ನಿಜವಾದ ಕಡತದಲ್ಲಿ ಕೆಲವು ಘಟಕಗಳು ಬೇರೆಯವರ ಹಿಡಿತದಲ್ಲಿರಬಹುದು, ಕೆಲವು ಗ್ರೂಪ್‌ಗಳ ಒಳಗಿರಬಹುದು. ಗ್ರೂಪ್ ತಿದ್ದುವ ಸ್ಥಿತಿಗೆ ಹೋಗದೆ ಅವನ್ನು ಹೊರಗಿನಿಂದ ಬದಲಿಸಲು ಹೋದರೆ ತಡೆ ಬರುತ್ತದೆ. ಇಂಥವುಗಳನ್ನು ಮೊದಲೇ ಪಟ್ಟಿಮಾಡಿ ಬದಿಗಿಡದಿದ್ದರೆ ಕೆಲಸ ಅರ್ಧಕ್ಕೆ ನಿಂತು, ಯಾವುದು ಬದಲಾಯಿತು ಯಾವುದು ಉಳಿಯಿತು ಎಂದು ಹುಡುಕುವುದರಲ್ಲೇ ಸಮಯ ಹೋಗುತ್ತದೆ.

ಐಡಿ, ಗುರುತು, ಉದ್ದ ಎಂಬ ಮೂರು ಅಂಕಣಗಳ ಪಟ್ಟಿಯನ್ನು ಬದಲಾವಣೆಗೆ ಮೊದಲು ಒಮ್ಮೆ, ನಂತರ ಒಮ್ಮೆ ತೆಗೆದು, ಎರಡರ ವ್ಯತ್ಯಾಸವನ್ನು ಪಕ್ಕದ ಅಂಕಣದಲ್ಲಿ ಲೆಕ್ಕ ಹಾಕಬೇಕು. ಏರಿಕೆಯ ಕೆಲಸವಾದರೆ ಆ ಅಂಕಣದಲ್ಲಿ ಒಂದೇ ಅಂಕಿ ಮೇಲಿನಿಂದ ಕೆಳಗಿನವರೆಗೆ ಬರಬೇಕು. ಸೊನ್ನೆಯೋ, ಎರಡು ಪಟ್ಟೋ ಕಂಡಲ್ಲಿ ಆ ಘಟಕವನ್ನು ಐಡಿಯಿಂದ ಹುಡುಕಿ ನೋಡಬೇಕು. ತೊಲೆಗಳಲ್ಲಿ ಲೆಂಗ್ತ್ ಮತ್ತು ಕಟ್ ಲೆಂಗ್ತ್ (ತೊಲೆಯ ಕಾಣುವ ರೂಪದ ಉದ್ದ) ಎರಡನ್ನೂ ಪಟ್ಟಿಗೆ ಸೇರಿಸಿಕೊಳ್ಳುವುದು ಅವಶ್ಯ, ಏಕೆಂದರೆ ಎಕ್ಸ್‌ಟೆನ್ಷನ್ ಮೂಲಕ ಚಾಚಿದಾಗ ಆಧಾರ ಗೆರೆಯ ಉದ್ದ ಬದಲಾಗದೆ ಕಟ್ ಲೆಂಗ್ತ್ ಮಾತ್ರ ಬದಲಾಗುತ್ತದೆ. ಮೊದಲನೆಯದನ್ನು ಮಾತ್ರ ನೋಡಿದವರು ಏನೂ ನಡೆದಿಲ್ಲವೆಂದುಕೊಂಡು ಅದೇ ಕೆಲಸವನ್ನು ಇನ್ನೊಮ್ಮೆ ಬೇರೆ ದಾರಿಯಿಂದ ಮಾಡಿಬಿಡುವುದುಂಟು. ಕೊನೆಯಲ್ಲಿ ಮ್ಯಾನೇಜ್ ವಿಭಾಗದ ವಾರ್ನಿಂಗ್ಸ್ ಪಟ್ಟಿಯನ್ನು ತೆರೆದು, ಮೊದಲಿದ್ದ ಸಂಖ್ಯೆಗಿಂತ ಹೆಚ್ಚಾದವು ಯಾವುವು ಎಂದು ನೋಡಿ, ಆ ಬಳಿಕವೇ ಸೆಂಟ್ರಲ್‌ಗೆ ಸಿಂಕ್ ಮಾಡಬೇಕು.